ಒಂದು ಮುಖ, ಒಂದು ಬಟ್ಟಲು ಸೂಪು

ಕಿರುಚಿತ್ರ ಮಾಡಲು ಹೊರಟ ಹುಡುಗ ಹುಡುಗಿಯರ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ

ಒಂದು ಮುಖದಿಂದ ಮಾತು ಶುರು ಮಾಡುತ್ತೇನೆ. ನೂರು ವರ್ಷ ದಾಟಿದ ಮುಖ. ಇವಾನ್ ಮೊಜ್ಜೂಖಿನ್ ಅಂತ, 1917ರ ಕ್ರಾಂತಿಗೆ ಮುಂಚಿನ ರಷ್ಯದ ಬಹು ದೊಡ್ಡ ನಟ. ಲೆವ್ ಕುಲೆಶೋವ್ ಅನ್ನುವ ಇಪ್ಪತ್ತರ ಆಸುಪಾಸಿನ ಹುಡುಗ ಆ ನಟನ ಯಾವುದೋ ಹಳೆಯ ಚಿತ್ರದಿಂದ ಒಂದು ಕ್ಲೋಸಪ್ ಕತ್ತರಿಸಿಕೊಂಡ. ಮುಖದಲ್ಲಿ ನಗುವಿಲ್ಲ, ಅಳುವಿಲ್ಲ, ಸುಮ್ಮನೆ ನೋಡುತ್ತಿದೆ. ಅದರ ಪಕ್ಕಕ್ಕೆ ಒಂದು ಬಟ್ಟಲು ಸೂಪಿನ ಶಾಟ್ ಅಂಟಿಸಿದ. ಅದೇ ಮುಖದ ಪಕ್ಕಕ್ಕೆ ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸಿನ ಶಾಟ್. ಮತ್ತೆ ಅದೇ ಮುಖ, ಈ ಸಲ ಪಕ್ಕದಲ್ಲಿ ಆಟವಾಡುತ್ತಿರುವ ಪುಟ್ಟ ಹುಡುಗಿ. ನೋಡಿದವರು ನಟನನ್ನು ಹೊಗಳಿದ್ದೇ ಹೊಗಳಿದ್ದು. ಸೂಪು ನೋಡುವಾಗ ಆ ಹಸಿವು, ಹೆಣ ನೋಡುವಾಗ ಆ ದುಃಖ, ಮಗುವನ್ನು ನೋಡುವಾಗ ಆ ಅಕ್ಕರೆ! ಕುಲೆಶೋವನ ಶಿಷ್ಯ ಪುದೋವ್ಕಿನ್ ಇದನ್ನು ಬರೆದಿಟ್ಟಿದ್ದರಿಂದ ನಮಗೆ ಗೊತ್ತು. ಆ ತುಣುಕು ಮಾತ್ರ ಇವತ್ತು ಉಳಿದಿಲ್ಲ.

ನೀವು ಮೊಬೈಲಿನಲ್ಲಿ ಎರಡು ಶಾಟ್ ಜೋಡಿಸಿ, ಕೆಳಗೊಂದು ಹಾಡು ಹಾಕುವಾಗ ಮಾಡುವುದೂ ಇದನ್ನೇ. ಆದರೆ ಆ ಹುಡುಗನಿಗೆ ಈ ಯೋಚನೆ ಹುಟ್ಟಿದ ಕಾಲ ಎಂಥದ್ದು ಅನ್ನೋದನ್ನು ಗಮನಿಸಿ. ದೇಶದಲ್ಲಿ ಅಂತರ್ಯುದ್ಧ. ಹೊರಗಿನಿಂದ ಸಾಮಾನು ಬರುವಂತಿಲ್ಲ, ಕಚ್ಚಾ ಫಿಲ್ಮು ಸಿಗುವುದೇ ಇಲ್ಲ. 1919ರ ಆಗಸ್ಟ್ 27ರಂದು ಲೆನಿನ್ ಸಿನಿಮಾ ಉದ್ಯಮವನ್ನೆಲ್ಲ ರಾಷ್ಟ್ರೀಕರಣ ಮಾಡಿದರು. ಅದೇ ವರ್ಷ ಮಾಸ್ಕೋದಲ್ಲಿ ಸರ್ಕಾರಿ ಸಿನಿಮಾ ಶಾಲೆ ಶುರುವಾಯಿತು. ಜಗತ್ತಿನ ಮೊದಲ ಸಿನಿಮಾ ಶಾಲೆಗಳಲ್ಲಿ ಒಂದು, ಈಗಲೂ ನಡೆಯುತ್ತಿದೆ. ಶಾಲೆಯೇನೋ ಬಂತು, ಫಿಲ್ಮು? ಕುಲೆಶೋವನ ವಿದ್ಯಾರ್ಥಿಗಳು ‘ಫಿಲ್ಮಿಲ್ಲದ ಫಿಲ್ಮು’ಗಳನ್ನು ವೇದಿಕೆ ಮೇಲೆ ಅಭಿನಯಿಸುತ್ತಿದ್ದರು. ಹಳೆಯ ರೀಲುಗಳನ್ನು ಬಿಚ್ಚಿ, ಕತ್ತರಿಸಿ, ಬೇರೆ ಥರ ಜೋಡಿಸಿ ನೋಡುತ್ತಿದ್ದರು. ಡಬ್ಬಿಯಲ್ಲಿ ಉಳಿದ ಬೇಳೆಯನ್ನೇ ಹೊಂದಿಸಿ ನಾಲ್ಕು ಬಗೆ ಅಡುಗೆ ಮಾಡುವ ಮನೆಯೊಡತಿಯ ಥರ. ಜಗತ್ತಿಗೆ ಸಂಕಲನದ ವ್ಯಾಕರಣ ಕಲಿಸಿದ ಸಿನಿಮಾ ಹುಟ್ಟಿದ್ದು ಈ ಬರಗಾಲದಲ್ಲಿ.

ಆ ಪ್ರಯೋಗ ಹೇಳಿದ್ದು ಏನು? ಮುಖಕ್ಕೆ ಸ್ವಂತ ಅರ್ಥವಿಲ್ಲ, ಅರ್ಥ ಹುಟ್ಟುವುದು ಜೋಡಣೆಯಲ್ಲಿ ಅಂತ. ನಾನು ಇಷ್ಟು ವರ್ಷ ಈ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಕಂಡುಕೊಂಡದ್ದು ಇಷ್ಟು: ಮುಖವನ್ನು ನಂಬಬೇಡ ಅಂತ ಶುರುವಾದ ಸೋವಿಯತ್ ಸಿನಿಮಾ, ಮುಂದಿನ ಅರವತ್ತು ವರ್ಷ ನಡೆದದ್ದು ಮುಖದ ಕಡೆಗೆ. ಯುದ್ಧದ ಚಿತ್ರ, ಹಾಸ್ಯ, ಗೂಢಚಾರರ ಕಥೆ, ವೈಜ್ಞಾನಿಕ ಕಥೆ, ಮಕ್ಕಳ ಕಾರ್ಟೂನು, ಎಲ್ಲದರಲ್ಲೂ. ನಮ್ಮ ಫಿಲ್ಮ್ ಸೊಸೈಟಿಗಳಲ್ಲಿ ಒಂದು ಅಭ್ಯಾಸವಿದೆ. ಆ ತುದಿಯಲ್ಲಿ ‘ಪೊಟೆಮ್ಕಿನ್’ ಮಾಡಿದ ಐಸೆನ್‌ಸ್ಟೈನ್, ಈ ತುದಿಯಲ್ಲಿ ‘ಸ್ಟಾಕರ್’ ಮಾಡಿದ ತಾರ್ಕೋವ್‌ಸ್ಕಿ, ನಡುವೆ ಏನೂ ಇಲ್ಲ ಅನ್ನುವಂತೆ ಮಾತಾಡುತ್ತೇವೆ. ಅಲ್ಲಿನ ಜನ ಸಾಲು ನಿಂತು ಟಿಕೆಟ್ ಕೊಂಡು ನೋಡಿದ್ದೆಲ್ಲ ಆ ನಡುವೆಯೇ ಇದೆ. ಇವತ್ತು ಹೆಚ್ಚು ಹೊತ್ತು ಅಲ್ಲೇ ಇರೋಣ ಅಂತ ನನ್ನ ಆಸೆ.

ಆದರೂ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ತ್ಸಾರ್ ದೊರೆಯ ವಿರುದ್ಧ ಎದ್ದ 1905ರ ಬಂಡಾಯಕ್ಕೆ ಇಪ್ಪತ್ತು ವರ್ಷವಾಯಿತೆಂದು 1925ರಲ್ಲಿ ಸರ್ಕಾರವೇ ಮಾಡಿಸಿದ ಚಿತ್ರ. ಐಸೆನ್‌ಸ್ಟೈನ್‌ಗೆ ಆಗ 27 ವರ್ಷ. ಒಡೆಸ್ಸಾದ ಮೆಟ್ಟಿಲುಗಳ ಮೇಲಿನ ಗೋಲಿಬಾರ್ ಎಲ್ಲರಿಗೂ ಗೊತ್ತು. ಚರಿತ್ರೆಯಲ್ಲಿ ಕೊಲೆಗಳು ಆ ಊರಿನಲ್ಲಿ ನಡೆದವು, ಆ ಮೆಟ್ಟಿಲ ಮೇಲೆ ಹಾಗೆ ನಡೆಯಲಿಲ್ಲ. ಇವತ್ತು ಜನ ನೆನಪಿಟ್ಟುಕೊಂಡಿರುವುದು ಮೆಟ್ಟಿಲನ್ನು. ನೀವು ಇನ್ನೊಮ್ಮೆ ನೋಡುವಾಗ ಒಂದು ಲೆಕ್ಕ ಹಾಕಿ: ಯಾರಿಗೆ ಮುಖ ಇದೆ, ಯಾರಿಗೆ ಇಲ್ಲ? ಇಳಿದು ಬರುವ ಸೈನಿಕರು ಬರೀ ಬೂಟು, ಬೆನ್ನು, ಬಂದೂಕು. ಕೊನೆಗೆ ಕತ್ತಿ ಬೀಸುವ ಒಬ್ಬನನ್ನು ಬಿಟ್ಟರೆ ಅವರಿಗೆ ಮುಖವೇ ಇಲ್ಲ. ಸಾಯುವವರಿಗೆ ಮುಖ ಇದೆ, ಒಂದೊಂದು ಸೆಕೆಂಡು, ಎರಡೆರಡು ಸೆಕೆಂಡು. ಕಿರುಚುವ ಬಾಯಿ, ಒಡೆದ ಕನ್ನಡಕ, ಅಷ್ಟರಲ್ಲಿ ಕಟ್. ಅಲ್ಲಿ ಮುಖ ಒಂದು ಅಕ್ಷರದ ಹಾಗೆ. ಓದಿ ಮುಂದಿನದಕ್ಕೆ ಹೋಗಬೇಕು.

ವೆರ್ತೊವ್ ಅವರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ (1929) ಬಗ್ಗೆ ಒಂದೇ ಮಾತು. ಆ ಚಿತ್ರದೊಳಗೇ ಒಬ್ಬ ಹೆಂಗಸು ಫಿಲ್ಮು ಕತ್ತರಿಸುತ್ತ ಕೂತಿರುತ್ತಾಳೆ. ಅವಳು ಯೆಲಿಜವೇತಾ ಸ್ವಿಲೊವಾ, ವೆರ್ತೊವ್ ಅವರ ಹೆಂಡತಿ, ಆ ಚಿತ್ರದ ನಿಜವಾದ ಸಂಕಲನಕಾರ್ತಿ. ಅವಳ ಕೈಯಲ್ಲಿ ನಿಂತ ಚಿತ್ರವಾಗಿದ್ದ ಮಗುವಿನ ಮುಖ ಮರುಕ್ಷಣ ಜೀವ ಬಂದು ನಗುತ್ತದೆ. ಎಡಿಟಿಂಗ್ ಕಲಿಯುವ ಹುಡುಗಿಯರು ಆ ಒಂದು ನಿಮಿಷವನ್ನಾದರೂ ನೋಡಿ.

ಇಲ್ಲಿ ಇನ್ನೊಂದು ವಿಷಯ ಹೇಳಿಬಿಡಬೇಕು. ನಾವೆಲ್ಲ ಸೋವಿಯತ್ ಸಿನಿಮಾವನ್ನು ‘ರಷ್ಯನ್ ಸಿನಿಮಾ’ ಅಂದುಬಿಡುತ್ತೇವೆ. ನಾನೂ ತುಂಬ ವರ್ಷ ಹಾಗೇ ಅನ್ನುತ್ತಿದ್ದೆ. ಅಲ್ಲಿನ ದೊಡ್ಡ ನಿರ್ದೇಶಕರನ್ನೇ ನೋಡಿ. ದೊವ್‌ಜೆಂಕೊ ಉಕ್ರೇನಿನವರು. ಪರಾಜಾನೊವ್ ತ್ಬಿಲಿಸಿಯಲ್ಲಿ ಹುಟ್ಟಿದ ಅರ್ಮೇನಿಯನ್. ಈಗ ಹೇಳಲಿರುವ ಕಲತೋಜೊವ್ ಜಾರ್ಜಿಯಾದವರು. ತಮಿಳು, ಬಂಗಾಳಿ, ಮಲಯಾಳ ಚಿತ್ರಗಳನ್ನೆಲ್ಲ ಹೊರಗಿನವರು ‘ಹಿಂದಿ ಸಿನಿಮಾ’ ಅಂದಾಗ ನಮಗೆ ಹೇಗನ್ನಿಸುತ್ತದೆ? ಅವರಿಗೂ ಹಾಗೇ ಅನ್ನಿಸುತ್ತದೆ.

ಮೂವತ್ತರ ದಶಕಕ್ಕೆ ಬಂದರೆ ಹಾಡು ಕುಣಿತದ ಹಾಸ್ಯಚಿತ್ರಗಳು. ಐಸೆನ್‌ಸ್ಟೈನ್ ಜೊತೆ ಕೆಲಸ ಮಾಡಿದ್ದ ಗ್ರಿಗೊರಿ ಅಲೆಕ್ಸಾಂದ್ರೊವ್ ಇದರ ಉಸ್ತಾದ. ನಾಯಕಿ ಲ್ಯುಬೋವ್ ಒರ್ಲೊವಾ, ಸಂಗೀತ ದುನಯೇವ್‌ಸ್ಕಿ. 1936ರ ‘ಸರ್ಕಸ್’ ಚಿತ್ರದ ಒಂದು ದೃಶ್ಯ ಹೇಳುತ್ತೇನೆ. ಅಮೆರಿಕದಿಂದ ಬಂದ ಸರ್ಕಸ್ ಕಲಾವಿದೆಗೆ ಒಂದು ಕಪ್ಪು ಮಗು. ಆ ಗುಟ್ಟನ್ನು ಹಿಡಿದು ಅವಳನ್ನು ಹೆದರಿಸುತ್ತಿದ್ದ ಅವಳ ಮ್ಯಾನೇಜರ್ ತುಂಬಿದ ಸಭೆಯಲ್ಲಿ ಮಗುವನ್ನು ತೋರಿಸಿ ಅವಮಾನ ಮಾಡಲು ನೋಡುತ್ತಾನೆ. ಪ್ರೇಕ್ಷಕರು ನಕ್ಕು, ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಜೋಗುಳ ಹಾಡುತ್ತಾರೆ. ಯಿಡ್ಡಿಶ್ ಸಾಲು ಹಾಡುವವರು ಆ ಕಾಲದ ಹೆಸರಾಂತ ಯಹೂದಿ ರಂಗನಟ ಸೊಲೊಮೋನ್ ಮಿಖೋಎಲ್ಸ್. 1948ರ ಜನವರಿಯಲ್ಲಿ ಸ್ಟಾಲಿನ್ ಆಳ್ವಿಕೆ ಅವರನ್ನು ಕೊಲ್ಲಿಸಿತು. ಆಮೇಲೆ ಚಿತ್ರದಿಂದ ಆ ಮುಖವನ್ನು, ಆ ಸಾಲನ್ನು ಕತ್ತರಿಸಿ ತೆಗೆದರು. ಸ್ಟಾಲಿನ್ ಹೋದ ಮೇಲೆ ಅದು ಮತ್ತೆ ಸೇರಿತು. ‘ವೋಲ್ಗಾ ವೋಲ್ಗಾ’ (1938) ಚಿತ್ರದ ಛಾಯಾಗ್ರಾಹಕ ವ್ಲದಿಮಿರ್ ನಿಲ್ಸೆನ್ ಅವರನ್ನು ಚಿತ್ರ ಮುಗಿಯುವುದರೊಳಗೆ ಬಂಧಿಸಿ ಗುಂಡಿಟ್ಟು ಕೊಂದರು. ತೆರೆಯ ಮೇಲೆ ಜನ ಹಾಡುತ್ತ ದೋಣಿಯಲ್ಲಿ ಹೋಗುತ್ತಾರೆ. ಆ ಬೆಳಕನ್ನು ಹಿಡಿದವನ ಹೆಸರು ಆರಂಭದ ಪಟ್ಟಿಯಲ್ಲಿಲ್ಲ. ಕತ್ತರಿಗೆ ಇಂಥ ಶಕ್ತಿಯೂ ಇತ್ತು ಅನ್ನೋದನ್ನು ಕುಲೆಶೋವನ ಸೂಪಿನ ಬಟ್ಟಲಿನ ಜೊತೆಗೇ ನೆನಪಿಡಬೇಕು.

ಸ್ಟಾಲಿನ್ ಕೊನೆಯ ವರ್ಷಗಳಲ್ಲಿ ಚಿತ್ರಗಳೇ ಬತ್ತಿಹೋದವು. 1951ರಲ್ಲಿ ಅಷ್ಟು ದೊಡ್ಡ ದೇಶದಲ್ಲಿ ತಯಾರಾದ ಕಥಾಚಿತ್ರಗಳು ಹತ್ತಕ್ಕಿಂತ ಕಡಿಮೆ. 1953ರಲ್ಲಿ ಅವನು ಸತ್ತ. ನಾಲ್ಕು ವರ್ಷಕ್ಕೆ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ ಬಂತು, ಮರುವರ್ಷ ಕಾನ್‌ನಲ್ಲಿ ಚಿತ್ರೋತ್ಸವದ ಮೊದಲ ಬಹುಮಾನ ಪಾಮ್ ದೋರ್ ಗೆದ್ದಿತು.

ನಿಜ ಹೇಳಬೇಕೆಂದರೆ ನಾನು ಇಲ್ಲಿಗೆ ಬಂದದ್ದೇ ಈ ಯುದ್ಧಚಿತ್ರಗಳ ಬಗ್ಗೆ ಮಾತಾಡಲು. ಎರಡನೇ ಮಹಾಯುದ್ಧದಲ್ಲಿ ಆ ದೇಶ ಕಳೆದುಕೊಂಡದ್ದು ಸುಮಾರು 2 ಕೋಟಿ 70 ಲಕ್ಷ ಜನರನ್ನು. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದರೆ ಅಲ್ಲಿ ಯಾವ ಮನೆಯಿಂದಲೂ ಸಾಸಿವೆ ಬರುತ್ತಿರಲಿಲ್ಲ. ಹಾಗಾಗಿ ಅಲ್ಲಿ ಯುದ್ಧಚಿತ್ರ ಅಂದರೆ ಸಾಹಸದ ಚಿತ್ರ ಅಂತ ಮಾತ್ರ ಅರ್ಥವಲ್ಲ, ಮನೆಯ ಕಥೆ. ಕಲತೋಜೊವ್ ಅವರ ಈ ಚಿತ್ರದ ನಾಯಕಿ ವೆರೋನಿಕಾ ಕಾಯುತ್ತಾಳೆ. ಕಾಯುತ್ತಲೇ ಸೋಲುತ್ತಾಳೆ, ಬೇರೊಬ್ಬನನ್ನು ಮದುವೆಯಾಗುತ್ತಾಳೆ. ಅದುವರೆಗಿನ ಸಿನಿಮಾದಲ್ಲಿ ಸೈನಿಕನಿಗಾಗಿ ಕಾಯುವ ಹುಡುಗಿ ಕದಲುವಂತೆಯೇ ಇರಲಿಲ್ಲ. ಇವಳು ಕದಲಿದಳು, ಕ್ಯಾಮೆರಾ ಅವಳನ್ನು ದೂರಲಿಲ್ಲ. ಛಾಯಾಗ್ರಾಹಕ ಉರುಸೆವ್‌ಸ್ಕಿ ಯುದ್ಧರಂಗದಲ್ಲಿ ಕ್ಯಾಮೆರಾ ಹಿಡಿದು ಓಡಾಡಿದವರು. ಸೈನ್ಯಕ್ಕೆ ಹೊರಟ ಬೋರಿಸ್‌ನನ್ನು ಬೀಳ್ಕೊಡಲು ವೆರೋನಿಕಾ ಬರುವ ಶಾಟ್ ನೋಡಿ. ಬಸ್ಸಿನೊಳಗೆ ಅವಳ ಮುಖದ ಹತ್ತಿರ ಶುರುವಾಗುತ್ತದೆ, ಅವಳ ಜೊತೆ ಬಸ್ಸಿಳಿಯುತ್ತದೆ, ಜನಜಂಗುಳಿಯಲ್ಲಿ ನುಗ್ಗುತ್ತದೆ, ಆಮೇಲೆ ಮೇಲೇರಿ ನೋಡಿದರೆ ಅವಳು ಟ್ಯಾಂಕುಗಳ ಸಾಲಿನ ನಡುವೆ ಓಡುತ್ತಿದ್ದಾಳೆ. ಒಂದೂ ಕಟ್ ಇಲ್ಲ. ತತ್ಯಾನಾ ಸಮೋಯ್ಲೊವಾ ಅವರ ಆ ಮುಖ! ಕೊನೆಗೆ ಸ್ಟೇಷನ್ನಿನಲ್ಲಿ, ಅವನು ಬರುವುದಿಲ್ಲ ಅಂತ ಖಾತ್ರಿಯಾದ ಮೇಲೆ, ಅವನಿಗೆಂದು ತಂದ ಹೂಗಳನ್ನು ಬಂದವರಿಗೆಲ್ಲ ಒಂದೊಂದಾಗಿ ಹಂಚುತ್ತಾಳೆ. ಅಳುತ್ತ, ನಗಲು ಯತ್ನಿಸುತ್ತ. ಆ ಮುಖದ ಪಕ್ಕದಲ್ಲಿ ಸೂಪಿಟ್ಟರೂ ಅಷ್ಟೇ, ಕಲ್ಲಿಟ್ಟರೂ ಅಷ್ಟೇ, ಅದರ ಅರ್ಥ ಬದಲಾಗುವುದಿಲ್ಲ.

ಎರಡು ವರ್ಷದ ನಂತರ ‘ಬ್ಯಾಲಡ್ ಆಫ್ ಎ ಸೋಲ್ಜರ್’. ನಿರ್ದೇಶಕ ಚುಖ್ರಾಯ್ ಸ್ವತಃ ಯುದ್ಧ ಮಾಡಿ, ಗಾಯಗೊಂಡು ಬಂದವರು. ಈ ಚಿತ್ರವನ್ನು ನಾನು ನಮ್ಮಮ್ಮನ ಜೊತೆ ಕಂಪ್ಯೂಟರಿನಲ್ಲಿ ನೋಡಿದೆ. ಅಮ್ಮನಿಗೆ ಇಂಗ್ಲಿಷ್ ಬರದು, ಸಬ್‌ಟೈಟಲ್ ಓದಿ ಹೇಳುತ್ತೇನೆ ಅಂತ ಪಕ್ಕದಲ್ಲಿ ಕೂತೆ. ಕಥೆ ಇಷ್ಟೇ. ಹತ್ತೊಂಬತ್ತರ ಹುಡುಗ ಅಲ್ಯೋಶ ಎರಡು ಟ್ಯಾಂಕು ಹೊಡೆದುರುಳಿಸುತ್ತಾನೆ. ಜನರಲ್ ಪದಕ ಕೊಡುತ್ತೇನೆ ಅಂದರೆ, ಬದಲಿಗೆ ರಜೆ ಕೊಡಿ, ಅಮ್ಮನ ಮನೆಯ ಚಾವಣಿ ಸೋರುತ್ತಿದೆ, ರಿಪೇರಿ ಮಾಡಿ ಬರುತ್ತೇನೆ ಅನ್ನುತ್ತಾನೆ. ಹೋಗಲು ಎರಡು ದಿನ, ಬರಲು ಎರಡು ದಿನ, ಚಾವಣಿಗೆ ಎರಡು ದಿನ. ದಾರಿಯಲ್ಲಿ ಒಬ್ಬ ಸೈನಿಕ ತನ್ನ ಹೆಂಡತಿಗೆ ಕೊಡು ಅಂತ ಎರಡು ಸಾಬೂನು ಕೊಟ್ಟು ಕಳಿಸುತ್ತಾನೆ. ಯುದ್ಧಕಾಲದಲ್ಲಿ ಸಾಬೂನು ಅಂದರೆ ಚಿನ್ನ. ಹೋಗಿ ನೋಡಿದರೆ ಆ ಹೆಂಡತಿ ಇನ್ನೊಬ್ಬನ ಜೊತೆಗಿದ್ದಾಳೆ. ಅಲ್ಯೋಶ ಸುಮ್ಮನೆ ಮೆಟ್ಟಿಲಿಳಿಯುತ್ತಾನೆ. ಅಮ್ಮ ಪರದೆಗೆ ಹೇಳಿದಳು: “ಸಾಬೂನು ವಾಪಸ್ ಇಸ್ಕೊಂಡು ಬಾರೋ ಮಗಾ.” ಹೇಳಿ ಮುಗಿಸುವುದರೊಳಗೆ ಅವನು ತಿರುಗಿ ಓಡಿದ, ಸಾಬೂನು ಕಸಿದುಕೊಂಡು ಬಂದ, ಆ ಸೈನಿಕನ ಮುದಿ ತಂದೆಗೆ ಒಯ್ದು ಕೊಟ್ಟ. ಆಮೇಲೆ ನಾನು ಸಬ್‌ಟೈಟಲ್ ಓದುವುದನ್ನು ನಿಲ್ಲಿಸಿದೆ, ಅವಳು ಕೇಳಲೂ ಇಲ್ಲ. ಕೊನೆಗೆ ಅವನು ಊರು ಮುಟ್ಟುವಾಗ ಉಳಿದಿರುವುದು ಕೆಲವೇ ನಿಮಿಷ. ತಾಯಿ ಹೊಲದಿಂದ ಓಡಿ ಬರುತ್ತಾಳೆ, ತಬ್ಬಿಕೊಳ್ಳುತ್ತಾಳೆ, ಅವನು ಹೊರಡುತ್ತಾನೆ. ಅವನು ಮರಳುವುದಿಲ್ಲ ಅಂತ ಚಿತ್ರದ ಮೊದಲಲ್ಲೇ ಹೇಳಿಬಿಟ್ಟಿರುತ್ತಾರೆ. ಚಿತ್ರ ಮುಗಿದು ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಅಂದದ್ದು: “ಚಾವಣಿ ಹಾಗೇ ಉಳೀತಲ್ಲೋ.”

ಅತ್ತ ಸೋವಿಯತ್ ತಾಯಂದಿರು ನಮ್ಮ ಸಿನಿಮಾ ನೋಡಿ ಅತ್ತರು. ರಾಜ್ ಕಪೂರರ ‘ಆವಾರಾ’ 1954ರಲ್ಲಿ ಅಲ್ಲಿ ತೆರೆ ಕಂಡು 6 ಕೋಟಿಗೂ ಹೆಚ್ಚು ಟಿಕೆಟ್ ಮಾರಿತು. ಅದು ಎಲ್ಲರಿಗೂ ಗೊತ್ತಿರುವ ಮಾತು. ನಮ್ಮ ನಾಡಿಗೆ ಇನ್ನೂ ಹತ್ತಿರದ ಒಂದು ನಂಟಿದೆ. 15ನೇ ಶತಮಾನದಲ್ಲಿ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆ ಮಾರಲು ಹೊರಟು ಬಹಮನಿಗಳ ರಾಜಧಾನಿ ಬೀದರಿಗೆ ಬಂದ, ಅಲ್ಲಿ ಕಂಡದ್ದನ್ನೆಲ್ಲ ಬರೆದಿಟ್ಟ. ಅವನ ಮೇಲೆ 1957ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಮತ್ತು ವಸೀಲಿ ಪ್ರೋನಿನ್ ಸೇರಿ ‘ಪರದೇಸಿ’ ಮಾಡಿದರು. ಭಾರತ ಸೋವಿಯತ್ ಜಂಟಿ ಚಿತ್ರ. ಒಲೆಗ್ ಸ್ತ್ರಿಜೆನೊವ್ ನಿಕಿತಿನ್ ಆದರು, ನರ್ಗಿಸ್ ನಾಯಕಿ, ಪೃಥ್ವಿರಾಜ್ ಕಪೂರ್ ಮಹಮೂದ್ ಗವಾನ್. ಬೀದರಿನ ಮದರಸಾ ನೋಡಲು ಹೋದವರು ಗವಾನನ ಹೆಸರು ಓದಿಯೇ ಓದುತ್ತೀರಿ. ಮುಂದಿನ ಸಲ ಹೋದಾಗ ಆ ಕುದುರೆ ವ್ಯಾಪಾರಿಯನ್ನೂ ನೆನೆಸಿಕೊಳ್ಳಿ.

ಈಗ ಹಾಸ್ಯಕ್ಕೆ ಬರೋಣ. ಲಿಯೊನಿದ್ ಗೈದಾಯ್ ಅನ್ನುವ ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ. ರಷ್ಯನ್ ಮಾತಾಡುವ ಯಾರನ್ನಾದರೂ ಕೇಳಿ, ಅವರ ಚಿತ್ರದ ನಾಲ್ಕು ಮಾತು ಬಾಯಿಪಾಠ ಒಪ್ಪಿಸುತ್ತಾರೆ. ಇವರೂ ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು ಬದುಕಿದವರು. ಹೇಡಿ, ಪೆದ್ದ, ಅನುಭವಿ ಅಂತ ಮೂವರು ಪುಡಿಗಳ್ಳರನ್ನು ಸೃಷ್ಟಿಸಿದರು. ಪೆದ್ದನ ಪಾತ್ರ ಯೂರಿ ನಿಕೂಲಿನ್ ಅವರದು, ಸರ್ಕಸ್ಸಿನ ಕೋಡಂಗಿ. 1969ರ ‘ದಿ ಡೈಮಂಡ್ ಆರ್ಮ್’ ಚಿತ್ರದಲ್ಲಿ ಅದೇ ನಿಕೂಲಿನ್ ಒಬ್ಬ ಸಾಧು ಗೃಹಸ್ಥ. ವಿದೇಶ ಪ್ರವಾಸದಲ್ಲಿ ಕಲ್ಲಂಗಡಿ ಸಿಪ್ಪೆ ಮೇಲೆ ಜಾರಿ ಬೀಳುತ್ತಾನೆ, ಬಿದ್ದಾಗ ಬೈದ ಬೈಗುಳವೇ ಕಳ್ಳಸಾಗಣೆದಾರರ ಗುಪ್ತಸಂಕೇತವಾಗಿ, ಅವರು ಅವನ ಕೈಗೆ ಪ್ಲಾಸ್ಟರ್ ಕಟ್ಟಿ ಒಳಗೆ ವಜ್ರ ತುಂಬುತ್ತಾರೆ. 7 ಕೋಟಿಗೂ ಹೆಚ್ಚು ಟಿಕೆಟ್ ಮಾರಿದ ಚಿತ್ರ. ಅದರಲ್ಲಿ ವಸತಿ ಕಟ್ಟಡದ ಮ್ಯಾನೇಜರಮ್ಮ ಒಬ್ಬಳಿದ್ದಾಳೆ, ಎಲ್ಲರ ಮನೆ ವಿಷಯವೂ ಅವಳಿಗೆ ಬೇಕು. “ನಮ್ಮ ಜನ ಬ್ರೆಡ್ಡಿನಂಗಡಿಗೆ ಟ್ಯಾಕ್ಸೀಲಿ ಹೋಗೋದಿಲ್ಲ” ಅನ್ನುವ ಅವಳ ಮಾತು ಅಲ್ಲಿ ಗಾದೆಯೇ ಆಗಿದೆ. ನೆರೆಯವರ ಮೇಲೆ ಕಣ್ಣಿಡುವುದು ಎಷ್ಟು ಭಯದ ಸಂಗತಿಯಾಗಿತ್ತು ಅನ್ನೋದನ್ನು ಬಲ್ಲವರು ಆ ನಗುವಿನ ಬೆಲೆ ಬಲ್ಲರು.

ಈ ಇಬ್ಬರ ಮುಖಗಳನ್ನು ಹಿಡಿದುಕೊಳ್ಳಿ. ನಿಕೂಲಿನ್ ಪೆದ್ದನಾಗಿ ದೇಶವನ್ನೆಲ್ಲ ನಗಿಸುತ್ತಿದ್ದ ಹೊತ್ತಿನಲ್ಲೇ ತಾರ್ಕೋವ್‌ಸ್ಕಿ ಅವರನ್ನು ‘ಅಂದ್ರೇಯ್ ರುಬ್ಲ್ಯೋವ್’ಗೆ ಕರೆದರು. ಅಲ್ಲಿ ಅವರು ಪತ್ರಿಕೇಯ್ ಅನ್ನುವ ಸನ್ಯಾಸಿ. ದಾಳಿಕೋರರು ಚರ್ಚಿನ ಬಂಗಾರ ಎಲ್ಲಿದೆ ಹೇಳೆಂದು ಚಿತ್ರಹಿಂಸೆ ಕೊಡುತ್ತಾರೆ, ಇವನು ಬಾಯಿ ಬಿಡುವುದಿಲ್ಲ. ಮೊದಲ ಸಲ ಆ ದೃಶ್ಯ ನೋಡಿದಾಗ ನನಗೆ ಗುರುತೇ ಸಿಗಲಿಲ್ಲ. ಗುರುತು ಸಿಕ್ಕ ಮೇಲೆ ನೋಡಲಾಗಲಿಲ್ಲ. ಇನ್ನು ಆ ಮ್ಯಾನೇಜರಮ್ಮ ನೋನ್ನಾ ಮೊರ್ದ್ಯುಕೊವಾ. ‘ದಿ ಡೈಮಂಡ್ ಆರ್ಮ್’ಗೆ ಎರಡು ವರ್ಷ ಮುಂಚೆ, 1967ರಲ್ಲಿ, ಅಲೆಕ್ಸಾಂದರ್ ಅಸ್ಕೋಲ್ದೊವ್ ಅವರ ‘ಕಮಿಸಾರ್’ ಚಿತ್ರದಲ್ಲಿ ಅವರು ನಾಯಕಿ. ಕೆಂಪು ಸೇನೆಯ ಅಧಿಕಾರಿಣಿ ಗರ್ಭಿಣಿಯಾಗಿ ಬಡ ಯಹೂದಿ ಕುಟುಂಬದ ಮನೆಯಲ್ಲಿ ಹೆರಿಗೆಗೆ ಉಳಿಯುತ್ತಾಳೆ. ಬೂಟು ಕುಟ್ಟಿಕೊಂಡು ಒಳಗೆ ಬಂದವಳು ನಿಧಾನಕ್ಕೆ ಲಂಗ ತೊಟ್ಟು ಮಗುವಿಗೆ ಹಾಡುವ ತಾಯಿಯಾಗುತ್ತಾಳೆ. ಆ ಮುಖವನ್ನು ಸೋವಿಯತ್ ಜನ ನೋಡಲೇ ಇಲ್ಲ. ಇಪ್ಪತ್ತು ವರ್ಷ ಚಿತ್ರವನ್ನು ಬಚ್ಚಿಟ್ಟರು. ಅಸ್ಕೋಲ್ದೊವ್ ಅವರನ್ನು ಪಕ್ಷದಿಂದ ತೆಗೆದರು, ಅವರು ಮತ್ತೊಂದು ಕಥಾಚಿತ್ರ ಮಾಡಲಿಲ್ಲ. 1988ರಲ್ಲಿ ಅದೇ ಚಿತ್ರ ಬರ್ಲಿನ್‌ನಲ್ಲಿ ಚಿತ್ರೋತ್ಸವದ ಬೆಳ್ಳಿ ಕರಡಿ ಪ್ರಶಸ್ತಿ ಪಡೆಯಿತು. ಮೊದಲ ಚಿತ್ರವೇ ಕೊನೆಯ ಚಿತ್ರವಾಯಿತು. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಅಲ್ಲಿ ನಿರ್ಮಾಪಕ ಒಬ್ಬನೇ, ಸರ್ಕಾರ. ದುಡ್ಡು ಅವರದೇ, ಸ್ಟುಡಿಯೋ ಅವರದೇ, ಎಷ್ಟು ಪ್ರಿಂಟು ಹಾಕಬೇಕು ಅನ್ನುವ ತೀರ್ಮಾನವೂ ಅವರದೇ. ನಷ್ಟವಾಯಿತು ಅಂತ ನಿರ್ದೇಶಕ ಮನೆ ಮಾರಬೇಕಿರಲಿಲ್ಲ, ಹಾಗಾಗಿ ಬೇರೆಲ್ಲೂ ಸಾಧ್ಯವಾಗದ ಚಿತ್ರಗಳು ಅಲ್ಲಾದವು. ಒಂದು ಸಹಿ ಬೀಳದಿದ್ದರೆ ಇಡೀ ಬದುಕು ಹೋಗುತ್ತಿತ್ತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹೊಸ ವರ್ಷದ ಹಿಂದಿನ ರಾತ್ರಿ ಅಲ್ಲಿನ ಮನೆಗಳಲ್ಲಿ ತಪ್ಪದೆ ಹಾಕುವ ಚಿತ್ರವೊಂದಿದೆ, ಎಲ್ದಾರ್ ರಿಯಾಜಾನೊವ್ ಅವರ ‘ದಿ ಐರನಿ ಆಫ್ ಫೇಟ್’. 1976ರ ಜನವರಿ 1ರಂದು ಮೊದಲು ಟಿವಿಯಲ್ಲಿ ಬಂತು. ಮಾಸ್ಕೋದ ಡಾಕ್ಟರೊಬ್ಬ ಗೆಳೆಯರ ಜೊತೆ ಸಾರ್ವಜನಿಕ ಸ್ನಾನಗೃಹದಲ್ಲಿ ಕುಡಿದು, ಪ್ರಜ್ಞೆಯಿಲ್ಲದೆ ವಿಮಾನವೇರಿ ಲೆನಿನ್‌ಗ್ರಾದ್ ತಲುಪುತ್ತಾನೆ. ತನ್ನೂರೆಂದೇ ತಿಳಿದು ಟ್ಯಾಕ್ಸಿಗೆ ವಿಳಾಸ ಹೇಳುತ್ತಾನೆ. ಅಲ್ಲೂ ಅದೇ ಹೆಸರಿನ ಬೀದಿ, ಅದೇ ನಂಬರಿನ ಕಟ್ಟಡ. ಅವನ ಕೀಲಿ ಆ ಮನೆಯ ಬೀಗಕ್ಕೂ ಹೊಂದುತ್ತದೆ! ದೇಶದ ತುಂಬ ಒಂದೇ ಅಚ್ಚಿನ ಕಟ್ಟಡಗಳು ಎದ್ದು ನಿಂತದ್ದನ್ನು ಇಷ್ಟು ಪ್ರೀತಿಯಿಂದ, ಇಷ್ಟು ನೋವಿನಿಂದ ಯಾರೂ ಹೇಳಿರಲಿಲ್ಲ.

‘ಈಸ್ಟರ್ನ್’ ಅಂತಲೇ ಒಂದು ಬಗೆ ಇತ್ತು, ವೆಸ್ಟರ್ನ್‌ಗೆ ಅವರ ಉತ್ತರ. ಅದರಲ್ಲಿ ಎಲ್ಲರೂ ನೆನೆಯುವುದು ವ್ಲದಿಮಿರ್ ಮೋತಿಲ್ ಅವರ ‘ವೈಟ್ ಸನ್ ಆಫ್ ದಿ ಡೆಸರ್ಟ್’ (1970). ಬಾಹ್ಯಾಕಾಶಕ್ಕೆ ಹೋಗುವ ಮುನ್ನ ಗಗನಯಾತ್ರಿಗಳು ಈ ಚಿತ್ರ ನೋಡುವುದು ಒಂದು ಸಂಪ್ರದಾಯ. ಅದರಲ್ಲಿ ವೆರೆಶ್ಚಾಗಿನ್ ಎಂಬ ಸುಂಕದ ಅಧಿಕಾರಿ. ಸಾಮ್ರಾಜ್ಯ ಬಿದ್ದುಹೋಗಿದೆ, ಸುಂಕದ ಕಟ್ಟೆಗೆ ಬೆಲೆಯಿಲ್ಲ, ರೊಟ್ಟಿಯಿಲ್ಲದೆ ಬೆಳಗ್ಗೆ ಸಂಜೆ ಮೀನಿನ ಮೊಟ್ಟೆ ತಿಂದು ಬೇಸತ್ತಿದ್ದಾನೆ. ಆದರೂ ನಾನು ಲಂಚ ಮುಟ್ಟುವುದಿಲ್ಲ, ನಾಡನ್ನು ನೆನೆದರೆ ಕರುಳು ಚುರುಕ್ಕನ್ನುತ್ತದೆ ಅನ್ನುತ್ತಾನೆ. ಆ ಪಾತ್ರ ಮಾಡಿದ ಪಾವೆಲ್ ಲುಸ್ಪೆಕಾಯೆವ್ ಅವರ ಪಾದಗಳನ್ನು ಕಾಯಿಲೆಯಿಂದಾಗಿ ಅದಕ್ಕೆ ಮುಂಚೆಯೇ ಭಾಗಶಃ ಕತ್ತರಿಸಿದ್ದರು. ಮರಳಿನಲ್ಲಿ ಆ ದೊಡ್ಡ ದೇಹ ನಡೆಯುವುದನ್ನು ಈ ವಿಷಯ ತಿಳಿದು ನೋಡಿ. ಚಿತ್ರ ಬಿಡುಗಡೆಯಾಗಿ ಕೆಲವೇ ವಾರಕ್ಕೆ ಅವರು ತೀರಿಕೊಂಡರು.

ಗೂಢಚಾರರ ಕಥೆಯಲ್ಲಿ ಗುಂಡು, ಓಟ, ಕಾರು ಇರಬೇಕಲ್ಲವೇ? 1973ರಲ್ಲಿ ತತ್ಯಾನಾ ಲಿಯೋಜ್ನೊವಾ 12 ಕಂತುಗಳ ‘ವಸಂತದ ಹದಿನೇಳು ಕ್ಷಣಗಳು’ ಮಾಡಿದರು. ನಾಜಿ ಅಧಿಕಾರಿಯ ವೇಷದಲ್ಲಿ ವರ್ಷಗಟ್ಟಲೆ ಬದುಕಿದ ಸೋವಿಯತ್ ಬೇಹುಗಾರ ಸ್ಟಿರ್ಲಿಟ್ಜ್. ಅವನಿಗೆ ತನ್ನ ಹೆಂಡತಿಯನ್ನು ಒಂದು ಸಲ ತೋರಿಸುವ ಏರ್ಪಾಡಾಗುತ್ತದೆ, ತೋರಿಸಲು ಮಾತ್ರ. ಕೆಫೆಯ ಆ ಮೂಲೆಯಲ್ಲಿ ಅವಳು, ಈ ಮೂಲೆಯಲ್ಲಿ ಅವನು. ಹತ್ತಿರ ಹೋಗುವಂತಿಲ್ಲ, ಕೈ ಎತ್ತುವಂತಿಲ್ಲ. ಐದಾರು ನಿಮಿಷ ಒಂದೂ ಮಾತಿಲ್ಲದೆ ಎರಡು ಮುಖಗಳು, ತರಿವೆರ್ದಿಯೆವ್ ಅವರ ಪಿಯಾನೋ. ಒಂದು ಮುಖ, ಅದು ನೋಡುತ್ತಿರುವುದು, ಮತ್ತೆ ಆ ಮುಖ. ಜೋಡಣೆ ಕುಲೆಶೋವನದೇ. ಆದರೆ ಇಲ್ಲಿ ಅಳಬಾರದೆಂದು ತಡೆದುಕೊಂಡ ಮುಖವಿದೆ, ಖಾಲಿ ಮುಖವಲ್ಲ. ಆ ವ್ಯತ್ಯಾಸ ತಿಳಿದವರು ನಟನಿಗೆ ಏನು ಹೇಳಬೇಕು ಅನ್ನೋದನ್ನೂ ತಿಳಿದ ಹಾಗೆ.

ತಾರ್ಕೋವ್‌ಸ್ಕಿ ಬಗ್ಗೆ ಬೇರೆ ದಿನ ಬೇರೆಯವರು ಮಾತಾಡುತ್ತಾರೆ. ನಾನು ‘ಸ್ಟಾಕರ್’ (1979) ಚಿತ್ರದ ಒಂದೇ ದೃಶ್ಯ ಹೇಳಿ ದಾಟುತ್ತೇನೆ. ಮೂವರು ರೈಲುಹಳಿಯ ಸಣ್ಣ ಮೋಟಾರು ಟ್ರಾಲಿಯ ಮೇಲೆ ನಿಷಿದ್ಧ ವಲಯಕ್ಕೆ ಹೋಗುತ್ತಾರೆ. ಬೇರೆ ಲೋಕಕ್ಕೆ ಹೋಗುವ ದಾರಿಯನ್ನು ತೋರಿಸಲು ಎಲ್ಲರೂ ಕಿಟಕಿಯಾಚೆಯ ವಿಚಿತ್ರಗಳನ್ನು ತೋರಿಸುತ್ತಿದ್ದರು. ಇವರು ನಾಲ್ಕು ನಿಮಿಷದ ಹತ್ತಿರ ತೋರಿಸುವುದು ಆ ಮೂವರ ತಲೆಗಳನ್ನು. ಕಿವಿ, ಕೆನ್ನೆ, ಹಿಂದಲೆ, ಹಳಿಯ ಟಕಟಕ ಸದ್ದು. ವಲಯ ಎಲ್ಲಿ ಶುರುವಾಯಿತು ಅನ್ನೋದು ಆ ತಲೆಗಳೊಳಗೆ ಮಾತ್ರ ಗೊತ್ತು.

ಈಗ ಲರೀಸಾ ಶೆಪಿತ್ಕೊ. ಉಕ್ರೇನಿನಲ್ಲಿ ಹುಟ್ಟಿದವರು, ದೊವ್‌ಜೆಂಕೊ ಅವರ ಶಿಷ್ಯೆ. 1977ರ ‘ದಿ ಅಸೆಂಟ್’ಗೆ ಬರ್ಲಿನ್‌ನಲ್ಲಿ ಚಿನ್ನದ ಕರಡಿ ಬಂತು. ಬೆಲಾರುಸಿನ ಲೇಖಕ ವಸೀಲ್ ಬಿಕೊವ್ ಅವರ ಕಥೆ. ಹಿಮದಲ್ಲಿ ಆಹಾರ ಹುಡುಕಿ ಹೊರಟ ಇಬ್ಬರು ಗೆರಿಲ್ಲಾ ಹೋರಾಟಗಾರರು ಜರ್ಮನ್ನರ ಕೈಗೆ ಸಿಗುತ್ತಾರೆ. ಸೋತ್ನಿಕೊವ್ ರೋಗಿ, ದುರ್ಬಲ. ರಿಬಾಕ್ ಗಟ್ಟಿಗ, ಗೆಳೆಯನನ್ನು ಹಿಮದಲ್ಲಿ ಎಳೆದುಕೊಂಡು ಬಂದು ಬದುಕಿಸಿದವನು. ಕೊನೆಗೆ ನೇಣಿಗೆ ಹೋಗುವವನು ದುರ್ಬಲ, ಶತ್ರುವಿನ ಕಡೆ ಸೇರಿ ಬದುಕುವವನು ಗಟ್ಟಿಗ. ಮೂರೂಮ್ ಊರಿನ ಹತ್ತಿರ ನಿಜವಾದ ಕೊರೆಯುವ ಚಳಿಯಲ್ಲಿ ಚಿತ್ರೀಕರಿಸಿದರು. ನೇಣಿನ ದೃಶ್ಯದಲ್ಲಿ ಸೋತ್ನಿಕೊವ್ ಗುಂಪಿನಲ್ಲಿ ನಿಂತ ಒಬ್ಬ ಪುಟ್ಟ ಹುಡುಗನನ್ನು ನೋಡುತ್ತಾನೆ, ಹುಡುಗ ಅವನನ್ನು ನೋಡುತ್ತಾನೆ. ಕ್ಯಾಮೆರಾ ಆ ಎರಡು ಮುಖ ಬಿಟ್ಟು ಬೇಗ ಹೋಗುವುದೇ ಇಲ್ಲ. ಸೋತ್ನಿಕೊವ್ ಒಂದಿಷ್ಟು ನಗುತ್ತಾನೆ, ಹುಡುಗನ ಕಣ್ಣು ತುಂಬುತ್ತದೆ. ಒಂದು ಮಾತೂ ಆಡದೆ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಏನನ್ನೋ ಕೊಟ್ಟು ಹೋಗುವುದನ್ನು ನಾನು ಸಿನಿಮಾದಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ. 1979ರ ಜುಲೈಯಲ್ಲಿ ಮುಂದಿನ ಚಿತ್ರಕ್ಕೆ ಜಾಗ ನೋಡಲು ಹೋಗುವಾಗ ಶೆಪಿತ್ಕೊ ಕಾರು ಅಪಘಾತದಲ್ಲಿ ಸತ್ತರು, 41ನೇ ವಯಸ್ಸಿಗೆ. ಆ ಚಿತ್ರವನ್ನು ಅವರ ಗಂಡ ಎಲೆಮ್ ಕ್ಲಿಮೊವ್ ಮುಗಿಸಿದರು.

ಅದೇ ಕ್ಲಿಮೊವ್ 1985ರಲ್ಲಿ ‘ಕಮ್ ಅಂಡ್ ಸೀ’ ಮಾಡಿದರು. ಸೆನ್ಸಾರಿನವರ ಜೊತೆ ಹಲವು ವರ್ಷ ಹೋರಾಡಿ ಮಾಡಿದ ಚಿತ್ರ. ಬೆಲಾರುಸಿನ ಹಳ್ಳಿ ಹುಡುಗ ಫ್ಲ್ಯೋರ ಮರಳಿನಲ್ಲಿ ಬಂದೂಕು ಅಗೆದು ತೆಗೆದು, ಕುಣಿಯುತ್ತ ಗೆರಿಲ್ಲಾಗಳ ಜೊತೆ ಸೇರುತ್ತಾನೆ. ಆ ಮೊದಲ ದೃಶ್ಯದ ಮುಖ ನೆನಪಿಟ್ಟುಕೊಳ್ಳಿ. ತಿಂಗಳುಗಟ್ಟಲೆ ಚಿತ್ರೀಕರಣ, ಕಥೆಯ ಕ್ರಮದಲ್ಲೇ. ಫ್ಲ್ಯೋರನಾದ ಅಲೆಕ್ಸೇಯ್ ಕ್ರಾವ್ಚೆಂಕೊ ಆಗ ಹದಿಹರೆಯದ ಹುಡುಗ, ವೃತ್ತಿನಟನಲ್ಲ. ಚಿತ್ರ ಮುಗಿಯುವ ಹೊತ್ತಿಗೆ ಆ ಮುಖ ಮುದುಕನದು, ಸುಕ್ಕುಗಟ್ಟಿ, ಬಾಯಿ ಒಣಗಿ, ನೇರ ನಮ್ಮನ್ನೇ ನೋಡುತ್ತದೆ. ಊರಿನ ಜನರನ್ನು ಕೊಟ್ಟಿಗೆಗೆ ತುಂಬಿ ಬೆಂಕಿಯಿಡುವುದನ್ನು ಅದು ನೋಡಿದೆ. ಬೆಲಾರುಸಿನಲ್ಲಿ 628 ಹಳ್ಳಿಗಳನ್ನು ಜನರ ಸಮೇತ ಸುಟ್ಟರು ಅಂತ ಚಿತ್ರದ ಕೊನೆಯಲ್ಲಿ ಬರಹ ಬರುತ್ತದೆ. ಕುಲೆಶೋವನ ಕಾಲದಲ್ಲಿ ಮುಖದ ಪಕ್ಕ ಏನಿದೆ ಅನ್ನುವುದು ಪ್ರಶ್ನೆಯಾಗಿತ್ತು. ಇಲ್ಲಿ ಎಷ್ಟೋ ಸಲ ಪಕ್ಕದಲ್ಲೇನಿದೆ ಅಂತ ನೋಡುವ ಧೈರ್ಯ ನಮಗೆ ಬರುವುದಿಲ್ಲ, ಆ ಹುಡುಗನ ಮುಖದಲ್ಲೇ ಓದಿಕೊಳ್ಳುತ್ತೇವೆ. ಈ ಚಿತ್ರದ ನಂತರ ಕ್ಲಿಮೊವ್ ಬೇರೆ ಚಿತ್ರ ಮಾಡಲಿಲ್ಲ. 1986ರಲ್ಲಿ ಚಿತ್ರಕರ್ಮಿಗಳ ಸಂಘದ ಮುಖ್ಯಸ್ಥರಾಗಿ, ಬಚ್ಚಿಟ್ಟ ಚಿತ್ರಗಳನ್ನು ಕಪಾಟಿನಿಂದ ಹೊರತರುವ ಕೆಲಸಕ್ಕೆ ಮುಂದಾದರು. ‘ಕಮಿಸಾರ್’ ಬೆಳಕು ಕಂಡದ್ದು ಆ ಬದಲಾವಣೆಯ ಗಾಳಿಯಲ್ಲಿ.

ಸೋವಿಯತ್ ಒಕ್ಕೂಟ ಹೋದ ಮೇಲಿನದು ಇನ್ನೊಂದು ದಿನದ ಮಾತು. ಒಂದನ್ನು ಮಾತ್ರ ಹೇಳುತ್ತೇನೆ: 2001ರ ಡಿಸೆಂಬರ್ 23ರಂದು ಅಲೆಕ್ಸಾಂದರ್ ಸೊಕೂರೊವ್ ಹರ್ಮಿಟಾಜ್ ಅರಮನೆಯೊಳಗೆ ಒಂದೂವರೆ ಗಂಟೆಯ ‘ರಷ್ಯನ್ ಆರ್ಕ್’ ಚಿತ್ರವನ್ನು ಒಂದೇ ಶಾಟ್‌ನಲ್ಲಿ ತೆಗೆದರು. ಕತ್ತರಿಯಿಂದ ಶುರುವಾದ ಸಿನಿಮಾ ಕತ್ತರಿಯನ್ನು ಪೂರ್ತಿ ಕೆಳಗಿಟ್ಟ ದಿನ ಅದು.

ಕೊನೆಗೆ, ಇವತ್ತು ರಾತ್ರಿಯೇ ನೀವು ನೋಡಬಹುದಾದ ಹತ್ತು ನಿಮಿಷದ ಚಿತ್ರವೊಂದಿದೆ. ಯೂರಿ ನೊರ್‌ಸ್ಟೈನ್ ಅವರ ‘ಹೆಡ್ಜ್‌ಹಾಗ್ ಇನ್ ದಿ ಫಾಗ್’, 1975. ಹೆಂಡತಿ ಫ್ರಾಂಚೆಸ್ಕಾ ಯಾರ್ಬುಸೊವಾ ಬರೆದ ಚಿತ್ರಗಳನ್ನು ತುಂಡು ತುಂಡಾಗಿ ಕತ್ತರಿಸಿ, ಗಾಜಿನ ಹಾಳೆಗಳ ಮೇಲಿಟ್ಟು, ಕೈಯಿಂದ ಕೂದಲೆಳೆಯಷ್ಟು ಸರಿಸುತ್ತ ಮಾಡಿದ ಕಾರ್ಟೂನು. ಆ ಮಂಜು ಏನು ಗೊತ್ತೇ? ತೀರ ತೆಳುವಾದ ಕಾಗದ. ಚಿತ್ರದ ಮೇಲೆ ಅದನ್ನಿಟ್ಟು ಒಂದೊಂದು ಫ್ರೇಮಿಗೂ ಸ್ವಲ್ಪ ಸ್ವಲ್ಪ ಕ್ಯಾಮೆರಾದತ್ತ ಎತ್ತುತ್ತ ಹೋದರೆ ಕೆಳಗಿನದೆಲ್ಲ ಮಸುಕಾಗಿ ಕರಗುತ್ತದೆ. ಮುಳ್ಳುಹಂದಿಮರಿ ರಾಸ್‌ಬೆರಿ ಜಾಮ್ ಕಟ್ಟಿಕೊಂಡು ಗೆಳೆಯ ಕರಡಿಮರಿಯ ಮನೆಗೆ ಹೊರಟಿದೆ, ದಿನಾ ಸಂಜೆ ಇಬ್ಬರೂ ಕೂತು ನಕ್ಷತ್ರ ಎಣಿಸುತ್ತಾರೆ. ದಾರಿಯಲ್ಲಿ ಮಂಜಿನೊಳಗೆ ಒಂದು ಬಿಳಿ ಕುದುರೆ ಕಾಣುತ್ತದೆ. ಮರಿ ಮಂಜಿಗಿಳಿಯುತ್ತದೆ, ದಾರಿ ತಪ್ಪುತ್ತದೆ, ಹೆದರುತ್ತದೆ, ನದಿಗೆ ಬೀಳುತ್ತದೆ, ಯಾರೋ ಬೆನ್ನ ಮೇಲೆ ಹೊತ್ತು ದಡ ಸೇರಿಸುತ್ತಾರೆ. ಯಾರು ಅಂತ ಕೊನೆಗೂ ತಿಳಿಯುವುದಿಲ್ಲ. ಕರಡಿಮರಿಯ ಮನೆ ಸಿಗುತ್ತದೆ. ಕರಡಿ ವಟವಟ ಮಾತಾಡುತ್ತಲೇ ಇದೆ: ಎಷ್ಟು ಕೂಗಿದೆ ಗೊತ್ತಾ, ಸಮೋವಾರ್ ಬಿಸಿಯಾಗಿದೆ, ನೀನಿಲ್ಲದೆ ಯಾರ ಜೊತೆ ನಕ್ಷತ್ರ ಎಣಿಸಲಿ ಅಂತ. ಮರಿ ಪಕ್ಕದಲ್ಲಿ ಕೂತಿದೆ, ಗುಂಡು ಕಣ್ಣು ಬಿಟ್ಟುಕೊಂಡು, ಮಾತಿಲ್ಲ. ಅದು ಕುದುರೆಯನ್ನು ನೆನೆಯುತ್ತಿದೆ: ಅಲ್ಲಿ, ಆ ಮಂಜಿನೊಳಗೆ, ಅದು ಹೇಗಿದೆಯೋ.